ಡೈರಿ ಯಾರ ಕೈಲಿರಬೇಕು?



ನಾನು ಪಿಯುಸಿ ಓದಿದವನು, ಪ್ರೆಸ್ ನಡೆಸುವವನು. ಪ್ರೋಗ್ರಾಮ್ ಬರೆಯುವವರು ನೀವು. ನಿಮ್ಮ ಮುಂದೆ ನಿಂತು ಎಪಿಐ ಬಗ್ಗೆ ಮಾತಾಡಲು ಇವನಿಗೇನು ಅಧಿಕಾರ ಎಂದು ಕೇಳಬಹುದು. ಏಟು ತಿಂದಿದ್ದೇನೆ, ಅಷ್ಟೇ ನನ್ನ ಅಧಿಕಾರ.

ನಮ್ಮಲ್ಲಿರುವುದು ಒಂದೇ ಆಫ್‌ಸೆಟ್ ಮಷೀನು. ಯಾವ ದಿನ ಯಾರ ಕೆಲಸ ಎಂದು ಕೌಂಟರಿನ ಡೈರಿಯಲ್ಲಿ ಬರೆಯುತ್ತಿದ್ದೆವು. ಒಂದು ಲಗ್ನದ ಕಾಲದಲ್ಲಿ ನಾನು ಫೋನಿನಲ್ಲಿ ಒಪ್ಪಿಕೊಂಡ ಬೆಳಗನ್ನೇ ನನ್ನ ತಮ್ಮ ಇನ್ನೊಬ್ಬರಿಗೆ ಕೊಟ್ಟಿದ್ದ. ಮದುವೆ ಕಾಗದ ಮೂರು ದಿನ ತಡವಾಯಿತು. ಹೆಣ್ಣಿನ ತಂದೆ ಬೈಯಲಿಲ್ಲ, ಕಟ್ಟು ಎತ್ತಿಕೊಂಡು ಸುಮ್ಮನೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅಕ್ಕನ ಮಗನನ್ನು ಕೂರಿಸಿಕೊಂಡು, ಎಲ್ಲರ ಫೋನಿನಲ್ಲೂ ಕಾಣುವ ಒಂದೇ ಕ್ಯಾಲೆಂಡರ್ ಮಾಡಿಸಲು ಹೊರಟೆ. ಪ್ರೋಗ್ರಾಮು ಕ್ಯಾಲೆಂಡರಿನೊಡನೆ ಮಾತಾಡಲು ಎರಡು ಬಾಗಿಲಿದೆ ಮಾಮ ಎಂದ. ಒಂದು ಗೂಗಲ್‌ನ ಸ್ವಂತ ಎಪಿಐ. ಇನ್ನೊಂದು ಕ್ಯಾಲ್‌ಡ್ಯಾವ್, ೨೦೦೭ರಲ್ಲಿ ಆರ್‌ಎಫ್‌ಸಿ ೪೭೯೧ ಎಂದು ಪ್ರಕಟವಾದ, ಯಾರು ಬೇಕಾದರೂ ಬಳಸಬಹುದಾದ ನಿಯಮ. ಮೊದಲನೆಯದು ಸುಲಭ, ಸುಳ್ಳೇಕೆ ಹೇಳಲಿ. ಕ್ಯಾಲ್‌ಡ್ಯಾವ್ ಎಂದರೆ ಎಕ್ಸ್‌ಎಂಎಲ್ ರಗಳೆ. ಹುಡುಗ ಒಂದು ವಾರ ಗೊಣಗಿದ.

ಆದರೂ ಎರಡನೆಯದನ್ನೇ ಹಿಡಿ ಎಂದೆ. ಯಾಕೆ ಗೊತ್ತೆ? ೨೦೧೩ರ ಮಾರ್ಚ್‌ನಲ್ಲಿ ಗೂಗಲ್, ತನ್ನ ಕ್ಯಾಲ್‌ಡ್ಯಾವ್ ಬಾಗಿಲು ಇನ್ನು ತಾನು ಒಪ್ಪಿದವರಿಗೆ ಮಾತ್ರ ಎಂದು ಸಾರಿತು. ಪ್ರೋಗ್ರಾಮ್ ಬರೆಯುವವರು ಕೇಳಿಕೊಂಡ ಮೇಲೆ ಜೂನ್‌ನಲ್ಲಿ ಎಲ್ಲರಿಗೂ ತೆರೆದೇ ಇಡುತ್ತೇನೆ ಎಂದಿತು. ೨೦೧೪ರ ನವೆಂಬರಿನಲ್ಲಿ ತನ್ನದೇ ಕ್ಯಾಲೆಂಡರ್ ಎಪಿಐಯ ಹಳೆಯ ಆವೃತ್ತಿಯನ್ನು ಮುಚ್ಚಿತು. ಬಾಡಿಗೆ ಮನೆಯಲ್ಲಿರುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಕ್ಯಾಲ್‌ಡ್ಯಾವ್ ಆದರೆ ರಾಡಿಕೇಲ್‌ನಂಥ ಉಚಿತ ಸರ್ವರನ್ನು ನಮ್ಮ ಹಳೆ ಕಂಪ್ಯೂಟರಿನಲ್ಲೇ ಇಡಬಹುದು. ಬೇಡವಾದ ದಿನ ಫೈಲು ಎತ್ತಿಕೊಂಡು ಬೇರೆಡೆಗೆ ಹೋಗಬಹುದು.

ಒಂದು ಎಚ್ಚರ. ಒಂದೇ ನಮೂದನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಇಟ್ಯಾಗ್ ಎಂಬ ಗುರುತು ನೋಡಿ, ತಡವಾಗಿ ಬಂದವನನ್ನು ಸರ್ವರು ವಾಪಸು ಕಳಿಸುತ್ತದೆ. ಆ ಗುರುತನ್ನು ನಿಮ್ಮ ಪ್ರೋಗ್ರಾಮು ಜೊತೆಗೆ ಕಳಿಸಿರಬೇಕು. ಆದರೆ ಒಂದೇ ಗಂಟೆಗೆ ಎರಡು ಬೇರೆ ನಮೂದು ಬಂದರೆ ಇಟ್ಯಾಗ್ ತಡೆಯುವುದಿಲ್ಲ. ನನ್ನ ಮದುವೆ ಕಾಗದದ ಕಥೆ ಅದೇ ಅಲ್ಲವೆ! ಹಾಗಾಗಿ ಬುಕಿಂಗ್ ಎಲ್ಲ ನಮ್ಮ ಒಂದೇ ಪ್ರೋಗ್ರಾಮಿನ ಮೂಲಕ, ಒಂದಾದ ಮೇಲೊಂದು, ಮಷೀನು ಬಿಡುವಿದೆಯೇ ಎಂದು ನೋಡಿಯೇ ಹೋಗುವಂತೆ ಮಾಡಿಸಿದೆ.

ಈಗ ನಿಮ್ಮ ಹತ್ತಿರ ಹೇಳಲೇಬೇಕಾದ ಮಾತು. ಹುಡುಗ ಪರೀಕ್ಷೆ ಮಾಡಿದ್ದೆಲ್ಲ 'ಟೆಸ್ಟ್ ಒನ್', 'ಟೆಸ್ಟ್ ಟೂ', ಅದೂ ಇಂಗ್ಲಿಷಿನಲ್ಲಿ. ಎಲ್ಲ ಸರಿ! ನಾನು 'ಗೃಹಪ್ರವೇಶದ ಆಮಂತ್ರಣ ಪತ್ರಿಕೆ, ಎರಡು ಬಣ್ಣ' ಎಂದು ಹಾಕಿದೆ. ತಮ್ಮನ ಫೋನಿನಲ್ಲಿ ಪದದ ನಡುವೆ ಪ್ರಶ್ನೆ ಗುರುತುಗಳು! ನಮೂದು ಬರೆಯುವ ಐಕ್ಯಾಲೆಂಡರ್ ನಿಯಮದ ಪ್ರಕಾರ ಒಂದು ಸಾಲು ೭೫ ಬೈಟ್ ದಾಟಬಾರದು, ದಾಟಿದರೆ ಮಡಿಸಬೇಕು. ಇಂಗ್ಲಿಷ್ ಅಕ್ಷರಕ್ಕೆ ೧ ಬೈಟ್. ಯುಟಿಎಫ್-೮ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ ೩; 'ಪ್ರ' ಒಂದಕ್ಕೇ ೯. ಕಳಿಸಿದ ಪ್ರೋಗ್ರಾಮು ಅಕ್ಷರದ ಹೊಟ್ಟೆಯಲ್ಲೇ ಕತ್ತರಿಸಿತ್ತು, ಓದಿದ ಪ್ರೋಗ್ರಾಮು ತುಂಡು ಜೋಡಿಸದೆ ಓದಿತ್ತು. ಮೊದಲು ಜೋಡಿಸು, ಆಮೇಲೆ ಓದು ಎಂದೇ ನಿಯಮವಿದೆ. ಮೊಳೆ ಜೋಡಿಸುತ್ತಿದ್ದ ನಮ್ಮಪ್ಪ ಸಾಲು ತುಂಬಿತೆಂದು ಮೊಳೆಯನ್ನೇ ಮುರಿದವರಲ್ಲ.

ತಿದ್ದಲು ಹುಡುಗನಿಗೆ ಹಿಡಿದದ್ದು ಒಂದು ಸಂಜೆ. ನೀವು ಕೆಲಸ ಮಾಡುವ ಕಂಪನಿಯಲ್ಲಿ ನಾಳೆ ಕ್ಯಾಲೆಂಡರಿನ ಕೆಲಸ ಬಂದರೆ, ಲೈಬ್ರರಿ ಆರಿಸುವ ಮೊದಲೇ ಒತ್ತಕ್ಷರ ತುಂಬಿದ ಉದ್ದದ ಒಂದು ಕನ್ನಡ ಸಾಲು ಹಾಕಿ, ಇನ್ನೊಂದು ಫೋನಿನಲ್ಲಿ ತೆರೆದು ನೋಡಿ. ಮುರಿದರೆ ಬರೆದವರಿಗೆ ಕಾಗದ ಹಾಕಿ. ಸಾಲು ಬೇಕಿದ್ದರೆ ನಮ್ಮ ಪ್ರೆಸ್ಸಿಗೆ ಬನ್ನಿ, ಲಗ್ನಪತ್ರಿಕೆಗಳ ರಾಶಿಯೇ ಇದೆ.