ಸಿಗರೇಟು ಪೊಟ್ಟಣದೊಳಗಿನ ಮುಖಗಳು

1880ರ ದಶಕದ ಅಮೆರಿಕದಲ್ಲಿ ಸಿಗರೇಟು ಬರುತ್ತಿದ್ದುದು ತೆಳು ಕಾಗದದ ಪೊಟ್ಟಣದಲ್ಲಿ. ಜೇಬಿಗೆ ಹಾಕಿಕೊಂಡರೆ ನಜ್ಜುಗುಜ್ಜು. ಅದಕ್ಕೆಂದು ಕಂಪನಿಗಳು ಒಳಗೊಂದು ರಟ್ಟಿನ ತುಂಡು ಇಟ್ಟವು. ಹೇಗೂ ರಟ್ಟು ಇಡುವುದೇ ಆದರೆ ಅದರ ಮೇಲೆ ಯಾರದಾದರೂ ಮುಖ ಅಚ್ಚು ಹಾಕಿದರೇನು? ಸಿಗರೇಟ್ ಕಾರ್ಡು ಚಾಲ್ತಿಗೆ ಬಂದದ್ದು ಹೀಗೆ.

ವರ್ಜೀನಿಯಾದ ರಿಚ್ಮಂಡ್ ಊರಿನ ಅಲೆನ್ ಅಂಡ್ ಗಿಂಟರ್ ಕಂಪನಿ 1887ರಲ್ಲಿ ತಂದ ವಿಶ್ವ ಚಾಂಪಿಯನ್ನರ ಮಾಲೆಯನ್ನೇ ನೋಡಿ. ಕಾರ್ಡು ಒಂದೂವರೆ ಇಂಚು ಅಗಲ, ಎರಡೂಮುಕ್ಕಾಲು ಇಂಚು ಉದ್ದ. ಬಿಳಿ ಹಿನ್ನೆಲೆಯಲ್ಲಿ ಬಣ್ಣದ ಎದೆಮಟ್ಟದ ಚಿತ್ರ, ಕೆಳಗೆ ಹೆಸರು. ಬೇಸ್‌ಬಾಲ್ ಆಟಗಾರರು 10 ಮಂದಿ. ಉಳಿದಂತೆ ಬಾಕ್ಸರುಗಳು, ಕುಸ್ತಿಪಟುಗಳು, ದೋಣಿ ಪಂದ್ಯದವರು, ಬಿಲಿಯರ್ಡ್ಸ್ ಆಡುವವರು. ಬಂದೂಕಿನಲ್ಲಿ ಗುರಿ ಹೊಡೆಯುವವರ ಸಾಲಿನಲ್ಲಿ ಆನಿ ಓಕ್ಲಿ ಎಂಬ ಹೆಣ್ಣುಮಗಳೂ ಇದ್ದರು.

ನಿಜವಾದ ಜಾಣತನ ಇದ್ದದ್ದು ಕಾರ್ಡಿನ ಬೆನ್ನಿನಲ್ಲಿ. ಅಲ್ಲಿ 50 ಹೆಸರುಗಳ ಪೂರ್ತಿ ಪಟ್ಟಿ. ಕೈಯಲ್ಲಿರುವ ಮುಖ ಒಂದು, ಸಿಗದವರು 49! ಸಿಗರೇಟು ಸೇದದ ಹುಡುಗರೂ ದೊಡ್ಡವರ ಬಳಿ ಕಾರ್ಡಿಗಾಗಿ ಗೋಗರೆಯತೊಡಗಿದರು. ಕಂಪನಿಗೆ ಇನ್ನೇನು ಬೇಕು?

ಇಷ್ಟೆಲ್ಲ ಕಸರತ್ತಿನ ಹಿಂದೆ ಒಂದು ಯಂತ್ರವಿತ್ತು. ಸಿಗರೇಟು ಸುತ್ತುವ ಯಂತ್ರ ಮಾಡಿಕೊಟ್ಟವರಿಗೆ 75,000 ಡಾಲರ್ ಬಹುಮಾನವೆಂದು ಅಲೆನ್ ಅಂಡ್ ಗಿಂಟರ್ ಸಾರಿತ್ತು. ಜೇಮ್ಸ್ ಬಾನ್ಸಾಕ್ ಎಂಬ ತರುಣ ಮಾಡಿಯೇಬಿಟ್ಟ. 1881ರಲ್ಲಿ ಪೇಟೆಂಟೂ ಸಿಕ್ಕಿತು. ಕಂಪನಿ ಮಾತ್ರ ಯಂತ್ರ ಬೇಡವೆಂದಿತು. ಅದನ್ನು ಹಿಡಿದುಕೊಂಡವನು ಉತ್ತರ ಕೆರೊಲಿನಾದ ಜೇಮ್ಸ್ ಡ್ಯೂಕ್. ದಿನಕ್ಕೆ ಲಕ್ಷಕ್ಕೂ ಮೀರಿ ಸಿಗರೇಟು ಉದುರತೊಡಗಿದಾಗ ಸೇದುವವರೇ ಸಾಲದಾದರು. ಗಿರಾಕಿಗಳನ್ನು ಸೆಳೆಯಲು ಅವನು ನಟಿಯರ ಫೋಟೊಗಳಿಗೂ ಕೈಹಾಕಿದ. ದೈವಭಕ್ತನಾದ ತಂದೆ ವಾಷಿಂಗ್ಟನ್ ಡ್ಯೂಕ್‌ಗೆ ಇದು ಸರಿಬರಲಿಲ್ಲ. ಈ ಚಿತ್ರಗಳನ್ನು ನಿಲ್ಲಿಸೆಂದು 1894ರಲ್ಲಿ ಮಗನಿಗೆ ಕಾಗದ ಬರೆದರು. ಮಗನ ಕಂಪನಿ ಬೆಳೆದದ್ದೇ ಇಂಥ ಪ್ರಚಾರದಿಂದ ಎಂಬುದು ಬೇರೆ ಮಾತು.

ಅಷ್ಟರಲ್ಲಾಗಲೇ, 1890ರಲ್ಲಿ, ಐದು ದೊಡ್ಡ ಕಂಪನಿಗಳು ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿಯಾಗಿದ್ದವು. ಪೈಪೋಟಿ ಹೋಯಿತು, ಕಾರ್ಡುಗಳೂ ವಿರಳವಾದವು. 1909ರ ಹೊತ್ತಿಗೆ ಬೇಸ್‌ಬಾಲ್ ಕಾರ್ಡುಗಳು ಮತ್ತೆ ಭರದಿಂದ ಬಂದಾಗ ಪಿಟ್ಸ್‌ಬರ್ಗಿನ ಆಟಗಾರ ಹೋನಸ್ ವ್ಯಾಗ್ನರ್ ತನ್ನ ಚಿತ್ರಕ್ಕೆ ಒಪ್ಪಲಿಲ್ಲ. ತಂಬಾಕಿನ ಮೇಲಿನ ಬೇಸರವೋ, ದುಡ್ಡು ಕೊಡದ ಸಿಟ್ಟೋ, ಚರ್ಚೆ ಈಗಲೂ ಇದೆ. ಅಚ್ಚು ನಿಂತಿತು, ಹೊರಬಿದ್ದಿದ್ದ ಕೆಲವೇ ಕಾರ್ಡುಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು.

ವ್ಯಾಗ್ನರ್ ಕಾರ್ಡಿದ್ದ ಆ ಮಾಲೆಯನ್ನು ಸಂಗ್ರಾಹಕರು ‘ಟಿ-206’ ಎನ್ನುತ್ತಾರೆ. ಅದು ಸಿರಾಕ್ಯೂಸ್‌ನ ಜೆಫರ್ಸನ್ ಬರ್ಡಿಕ್ ಕೊಟ್ಟ ಕ್ರಮಸಂಖ್ಯೆ. ಸಂಧಿವಾತದಿಂದ ಕೈ ಬಾಗಿದ್ದರೂ ಅವರು ಕಾರ್ಡುಗಳೂ ಸೇರಿ 3 ಲಕ್ಷಕ್ಕೂ ಹೆಚ್ಚು ಅಚ್ಚಿನ ಚೂರುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಅವನ್ನು ಆಲ್ಬಮ್ಮುಗಳಿಗೆ ಅಂಟಿಸುವ ಕೆಲಸ 1963ರ ಜನವರಿಯವರೆಗೂ ನಡೆಯಿತು.