ಹಂಚು ಬದಲಾದರೂ ಮಾಡು ಅದೇ

1860ರ ದಶಕದಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆ ಶುರುಮಾಡಿದರು. ಆ ಹಂಚು ಹೊದಿಸಿದ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಯಾರಾದರೊಬ್ಬರು ಮಾಡು ಹತ್ತಲೇಬೇಕು. ಒಡೆದ ಹಂಚು ತೆಗೆದು ಹೊಸದನ್ನು ರೀಪಿಗೆ ಸಿಕ್ಕಿಸಬೇಕು. ವರ್ಷ ವರ್ಷ ಹೀಗೇ ನಡೆದರೆ ಅಜ್ಜ ಹೊದಿಸಿದ ಹಂಚು ಎಷ್ಟು ಉಳಿದೀತು? ಮಾಡು ಮಾತ್ರ ಅಜ್ಜನ ಕಾಲದ್ದೇ.

ಮೆದುಳಿನ ನೆನಪಿನ ಕತೆಯೂ ಇದೇ. ಏನನ್ನಾದರೂ ಕಲಿತಾಗ ನರಕೋಶಗಳ ನಡುವಿನ ಕೆಲವು ಕೊಂಡಿಗಳು, ಅಂದರೆ ಸಿನಾಪ್ಸ್‌ಗಳು, ಗಟ್ಟಿಯಾಗುತ್ತವೆ. ಆದರೆ ಅವನ್ನು ಗಟ್ಟಿ ಮಾಡಿದ ಪ್ರೋಟೀನುಗಳ ಆಯಸ್ಸು ಸಾಮಾನ್ಯವಾಗಿ ಕೆಲವು ದಿನ, ವಾರ ಅಷ್ಟೇ. ಹಾಗಾದರೆ ಒಂದನೇ ಕ್ಲಾಸಿನ ಟೀಚರ ಮುಖ ಎಪ್ಪತ್ತರ ವಯಸ್ಸಿನಲ್ಲೂ ನೆನಪಿರುವುದು ಹೇಗೆ? ಡಿಎನ್‌ಎ ರಚನೆ ಕಂಡುಹಿಡಿದವರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ 1984ರಲ್ಲೇ ಈ ಪ್ರಶ್ನೆ ಎತ್ತಿದ್ದರು. 2024ರಲ್ಲಿ ಇಲಿಗಳಲ್ಲಿ ಒಂದು ಉತ್ತರ ಸಿಕ್ಕಿತು. ಕಿಬ್ರಾ ಎಂಬ ಪ್ರೋಟೀನು ಗಟ್ಟಿಯಾದ ಕೊಂಡಿಯಲ್ಲೇ ಗುರುತಾಗಿ ನಿಂತು, ಪಿಕೆಎಂ-ಝೀಟಾ ಎಂಬ ಕಿಣ್ವವನ್ನು ಅಲ್ಲಿಗೇ ಹಿಡಿದಿಡುತ್ತದೆ. ಹಳೆಯದು ಸವೆದಂತೆ ಹೊಸದು ಅದೇ ಜಾಗಕ್ಕೆ. ಈ ಜೋಡಿಯನ್ನು ಬಿಡಿಸಿದಾಗ ಇಲಿಗಳ ತಿಂಗಳ ಹಿಂದಿನ ನೆನಪೂ ಅಳಿಸಿಹೋಯಿತು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹಾಗೆಯೇ ಅನ್ವಯಿಸಬೇಕೆಂದಿಲ್ಲ, ಅದು ಬೇರೆ ಮಾತು.

ಇನ್ನು, ನೆನಪು ಉಳಿಯಲು ನಿದ್ದೆಯೂ ಬೇಕು; ಪರೀಕ್ಷೆಗೆಂದು ರಾತ್ರಿಯಿಡೀ ನಿದ್ದೆಗೆಟ್ಟು ಓದುವ ಮಕ್ಕಳು ಇದನ್ನು ಮರೆಯುತ್ತಾರೆ. ಹಗಲು ಕಲಿತದ್ದನ್ನು ಹಿಪ್ಪೊಕ್ಯಾಂಪಸ್ ಎಂಬ ಭಾಗ ಮತ್ತೆ ಮತ್ತೆ ಮೆಲುಕು ಹಾಕಿ ಮೆದುಳಿನ ಹೊರಪದರಕ್ಕೆ ದಾಟಿಸುವ ಕೆಲಸ ಬಹುಪಾಲು ನಡೆಯುವುದು ನಿದ್ದೆಯಲ್ಲಿ. ಹತ್ತು ಗಂಟೆಗೆ ಪುಸ್ತಕ ಮುಚ್ಚಿಸುವ ಅಮ್ಮಂದಿರು ಹೇಳುವುದು ಸರಿಯೇ.