ಲಿಂಬೆ ಎಲೆಯ ಹಳದಿ

ಲಿಂಬೆ ಎಲೆ ಹಳದಿ ತಿರುಗಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೊಬ್ಬರದ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ಜಿಂಕ್ ಹೊಡೀರಿ. ಎಷ್ಟೋ ಸಲ ಅದು ಸರಿಯೇ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಜಿಂಕ್, ಅಂದರೆ ಸತು, ಬೇರಿಗೆ ದಕ್ಕುವುದು ಕಷ್ಟ. ಆದರೆ ಗ್ರೀನಿಂಗ್ ರೋಗ ಹತ್ತಿದ ಗಿಡವೂ ಹಳದಿಯಾಗುತ್ತದೆ. ಅದು ಬ್ಯಾಕ್ಟೀರಿಯಾದ ಕೆಲಸ. ಸಿಲ್ಲಾ ಎಂಬ ಪುಟ್ಟ ಕೀಟ ಅದನ್ನು ಹರಡುತ್ತದೆ, ಜಿಂಕ್‌ಗೆ ಅದು ಬಗ್ಗುವುದಿಲ್ಲ. ಎಲೆಯನ್ನು ನಡುನರದ ಮೇಲೆ ಮಡಚಿ ನೋಡಿ. ಸತುವಿನ ಕೊರತೆಯಾದರೆ ಎರಡೂ ಬದಿಯ ಹಳದಿ ಹೆಚ್ಚುಕಡಿಮೆ ಒಂದರ ಮೇಲೊಂದು ಕೂಡುತ್ತದೆ. ಗ್ರೀನಿಂಗ್ ಆದರೆ ಈ ಬದಿಯ ಮಚ್ಚೆಗೆ ಆ ಬದಿಯಲ್ಲಿ ಜೋಡಿ ಸಿಗದು. ಒಂದೇ ಗಿಡದಲ್ಲಿ ಎರಡೂ ಇದ್ದರೆ ಮಾತ್ರ ಕಣ್ಣು ಸೋಲುತ್ತದೆ.

ಹೊಲದಲ್ಲೇ ಮಾಡುವ ಪರೀಕ್ಷೆ ಬೇಕಾಗುವುದು ಅಲ್ಲಿ. ರೋಗದ ಎಲೆಯಲ್ಲಿ ಆಹಾರ ಸಾಗಿಸುವ ನಾಳ ಕಟ್ಟಿಕೊಂಡು ಪಿಷ್ಟ ಅಲ್ಲೇ ತುಂಬುತ್ತದೆ. ಸ್ಯಾಂಡ್‌ಪೇಪರಿನ ತುಂಡಿನಿಂದ ಎಲೆಯ ಮೇಲ್ಮೈ ಉಜ್ಜಿ, ತುಂಡನ್ನು ತುಸು ನೀರಿಗೆ ಹಾಕಿ, ಒಂದು ಹನಿ ಅಯೋಡಿನ್ ಬಿಟ್ಟರೆ ನೀರು ಕಪ್ಪುನೀಲಿಯಾಗುತ್ತದೆ. ಬದುವಿನ ಮೇಲೆ ಕೂತು ಮಾಡುವಂಥದ್ದು. ಪ್ರಯೋಗಾಲಯದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಇದಕ್ಕಿಂತ ಖಚಿತ, ನಿಜ. ಆದರೆ ವರದಿ ಬರುವವರೆಗೆ ಸಿಲ್ಲಾ ಕಾಯುವುದಿಲ್ಲ. ನಡುವಿನ ದಾರಿಯೂ ಇದೆ. 2000ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ, ಡಿಎನ್‌ಎಯನ್ನೇ ಹುಡುಕುವ ಲ್ಯಾಂಪ್ ವಿಧಾನಕ್ಕೆ ಸುಮಾರು 65 ಡಿಗ್ರಿಯ ಒಂದೇ ಬಿಸಿ ಸಾಕು. ಗಂಟೆಯೊಳಗೆ ಬಣ್ಣ ಬದಲಾಗಿ ಉತ್ತರ ತಿಳಿಯುತ್ತದೆ.

ಅಗ್ಗದ ಪರೀಕ್ಷೆ ನಂಬಿ ಒಳ್ಳೆಯ ಗಿಡ ಕಿತ್ತರೆ ಹೇಗೆ ಎಂದು ಕೇಳಬಹುದು. ಸರಿಯಾದ ಭಯವೇ. ಕೊಂಬೆಯ ತೊಗಟೆಗೆ ಪೆಟ್ಟು ಬಿದ್ದರೂ ಪಿಷ್ಟ ತುಂಬುತ್ತದೆ. ಹಾಗಾಗಿ ಅಯೋಡಿನ್ ಹೇಳುವುದು ‘ಇದನ್ನು ಲ್ಯಾಬಿಗೆ ಕಳಿಸು’ ಎಂದಷ್ಟೇ, ‘ಕೀಳು’ ಎಂದಲ್ಲ. ಇನ್ನು ಪಿಸಿಆರ್ ಕೂಡ ದೇವರ ವಾಕ್ಯವಲ್ಲ: ಬ್ಯಾಕ್ಟೀರಿಯಾ ಮರದ ತುಂಬ ಸಮನಾಗಿ ಹರಡಿರುವುದಿಲ್ಲ, ತಪ್ಪು ಟೊಂಗೆಯ ಎಲೆ ಕಿತ್ತರೆ ರೋಗದ ಮರವೂ ‘ಇಲ್ಲ’ ಎನ್ನುತ್ತದೆ. ಮದ್ದಿಲ್ಲದ ರೋಗ ತಿಳಿದು ಏನು ಪ್ರಯೋಜನ ಎನ್ನುವವರಿಗೆ ಉತ್ತರ ಪಕ್ಕದ ಗಿಡದಲ್ಲಿದೆ: ರೋಗ ಅದಕ್ಕೆ ಹರಡದಂತೆ ತಡೆಯಬಹುದು.

ಅಂದಹಾಗೆ, ಟ್ರಿಸ್ಟೆಜಾ ಎಂಬ ವೈರಸ್ ಪತ್ತೆಗೆ ವಿದೇಶದ ವಿಜ್ಞಾನಿಗಳು ಸಂಶಯದ ಕಿತ್ತಳೆಯ ಕಣ್ಣನ್ನು ಲಿಂಬೆ ಸಸಿಗೆ ಕಸಿ ಕಟ್ಟಿ, ಎಳೆ ಎಲೆಯನ್ನು ಬೆಳಕಿಗೆ ಹಿಡಿದು, ನರ ಅಲ್ಲಲ್ಲಿ ತಿಳಿಯಾಗಿದೆಯೇ ಎಂದು ನೋಡುತ್ತಿದ್ದರು. ನಮ್ಮ ಕಾಗ್ಜಿ ಲಿಂಬೆಯ ಜಾತಿಯೇ ದಶಕಗಳ ಕಾಲ ಅವರ ಕಿಟ್ ಆಗಿತ್ತು!

ಇಂಥ ಪರೀಕ್ಷೆಗಳನ್ನು ಬೆಳೆಗಾರರಿಗೆ ತಲುಪಿಸಬಲ್ಲ ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಇದೆ. ನನ್ನ ಮಟ್ಟಿಗೆ ಲ್ಯಾಂಪ್ ಮೊದಲು ಹೋಗಬೇಕಾದದ್ದು ನರ್ಸರಿಗಳಿಗೆ. ಬೀಜದಿಂದ ಎದ್ದ ಸಸಿ ಶುದ್ಧವಿದ್ದರೂ ಬಯಲಲ್ಲಿಟ್ಟರೆ ಕೀಟ ಮುಟ್ಟುತ್ತದೆ. ಎಳೆ ಸಸಿಯಲ್ಲಿ ಪಿಷ್ಟ ಕೂಡುವ ಮೊದಲೇ ರೋಗ ಒಳಗಿರುವುದರಿಂದ ಅಲ್ಲಿ ಅಯೋಡಿನ್ ಆಟ ನಡೆಯದು. ಸಸಿ ಕಿತ್ತರೆ ಹೋಗುವುದು ಕೆಲವು ರೂಪಾಯಿ. ಕಾಯಿ ಹಿಡಿದ ಗಿಡ ಕಿತ್ತರೆ ವರ್ಷಗಟ್ಟಲೆ ಹಾಯಿಸಿದ ನೀರು.